ಯಮನೂರಪ್ಪನ ಕೇಸನ್ನು ಫೆಡರಲ್ ಕೋರ್ಟಿಗೆ ಸಾಗಿಸಿದ್ದು

ನನ್ನ ತಂಗಿಯ ಮಗಳು ಸಮೀನಾ ಕಾನೂನು ಅನುವಾದಕರ ಪರೀಕ್ಷೆ ಪಾಸಾಗಿ ದುಬೈಯ ಒಂದು ವಕೀಲರ ಕಚೇರಿಗೆ ಸೇರಿದ್ದಾಳೆ. ಸೇರುವ ಮೊದಲು ಅಬುಧಾಬಿಗೆ, ಹಮ್ದಾನ್ ಸ್ಟ್ರೀಟಿನಲ್ಲಿರುವ ನನ್ನ ಮಗನ ಫ್ಲ್ಯಾಟಿಗೆ ಬಂದಿದ್ದಳು. "ಮಾಮ, ಇಷ್ಟು ವರ್ಷ ಇದೇ ಕೆಲಸ ಮಾಡಿದ್ದೀರಿ. ಏನಾದ್ರೂ ಟಿಪ್ಸ್ ಕೊಡಿ" ಎಂದು ಕೇಳಿದಳು. ಎರಡು ಒಳ್ಳೆಯ ನಿಘಂಟುಗಳ ಹೆಸರು ಹೇಳಿ, ಕಣ್ಣಿಗೆ ಆಗಾಗ ವಿಶ್ರಾಂತಿ ಕೊಡು ಎಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಬಹಳ ನಾಚಿಕೆಯಾಯಿತು. ನಾನು ಹೇಳಬೇಕಾದದ್ದು ಬೇರೆಯೇ ಇತ್ತು. ಎದುರು ಕೂತು ಹೇಳಲು ಬಾಯಿ ಬರಲಿಲ್ಲ. ಅದಕ್ಕೆ ಅವಳಿಗೆಂದೇ ಬರೆಯುತ್ತಿದ್ದೇನೆ.

ನಾನು ಬಂಟ್ವಾಳದ ಕಡೆಯ ಬ್ಯಾರಿ. ಅರಬ್ಬಿ ಕಾಲೇಜಿನಲ್ಲಿ ಓದಿ, ಊರಿನ ಮದ್ರಸದಲ್ಲಿ ಮಕ್ಕಳಿಗೆ ಪಾಠ ಹೇಳಬೇಕಾಗಿದ್ದವನು. ಚಿಕ್ಕಪ್ಪ ಕಳಿಸಿದ ವೀಸಾದ ಮೇಲೆ ದುಬೈಗೆ ಬಂದು, ಬರ್ ದುಬೈಯ ಬಟ್ಟೆ ಅಂಗಡಿಗಳ ಮೇಲ್ಮಹಡಿಯಲ್ಲಿದ್ದ ಒಂದು ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆದೆ. ಇಲ್ಲಿಯ ಕೋರ್ಟುಗಳ ಭಾಷೆ ಅರಬ್ಬಿ. ನಮ್ಮ ಕಚೇರಿಗೆ ಬರುತ್ತಿದ್ದವರು ಹಿಂದಿ, ಉರ್ದು, ಮಲಯಾಳ, ತುಳು ಮಾತಾಡುವವರು. ನಡುವೆ ನಿಲ್ಲಲು ಒಬ್ಬ ಬೇಕಿತ್ತು. ಹೀಗೆ ಟೈಪಿಸ್ಟ್ ಖಾದರ್ ಅನುವಾದಕ ಖಾದರ್ ಆದ.

ಮೊದಲ ದೊಡ್ಡ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಅರಬ್ಬಿಯಲ್ಲಿ ಬಲಕ್ಕೆ ಯುಮ್ನಾ, ಎಡಕ್ಕೆ ಯುಸ್ರಾ. ಕಸೂತಿ ಕೆಲಸದ ಒಬ್ಬ ದರ್ಜಿಯ ಬಲಗೈ ಯಂತ್ರಕ್ಕೆ ಸಿಕ್ಕಿತ್ತು. ನಾವು ಅವನ ಪರ. ನಾನು ವೈದ್ಯರ ವರದಿಯನ್ನು ಅರಬ್ಬಿಗೆ ತರುವಾಗ ಯುಸ್ರಾ ಎಂದು ಬರೆದೆ. ಎದುರು ಪಕ್ಷದ ವಕೀಲರು ಎದ್ದುನಿಂತು, "ಗಾಯವಾದದ್ದು ಯಾವ ಕೈಗೆ?" ಎಂದು ಕೇಳಿದರು. ಪಾಪ, ದರ್ಜಿ ಪಟ್ಟಿ ಕಟ್ಟಿದ ಬಲಗೈ ಎತ್ತಿದ. ಕಾಗದದಲ್ಲಿ ಎಡಗೈ. ಹೊಸ ವರದಿ, ಹೊಸ ಅನುವಾದ, ಹೊಸ ತಾರೀಖು. ಆ ತಾರೀಖು ಬರುವಷ್ಟರಲ್ಲಿ ದರ್ಜಿ ಸಾಕಾಗಿ ಊರಿಗೆ ಹೋಗಿಬಿಟ್ಟಿದ್ದ.

ಕೆಲಸ ಹೋಯಿತೆಂದೇ ತಿಳಿದಿದ್ದೆ. ನಮ್ಮ ಕಚೇರಿಯನ್ನು ನಡೆಸುತ್ತಿದ್ದವರು ಕೋಟ್ಟಯಂ ಕಡೆಯ ಕುರುವಿಲ್ಲಾ ಸಾರ್. ಕೋರ್ಟಿನಲ್ಲಿ ನಿಂತು ವಾದಿಸಲು ಈ ದೇಶದ ವಕೀಲರೊಬ್ಬರಿದ್ದರು. ಆದರೆ ಕೇಸಿನ ಹಿಂದಿನ ಬುದ್ಧಿಯೆಲ್ಲ ಸಾರ್ ಅವರದ್ದು. ಅವರು ನನ್ನನ್ನು ಬಯ್ಯಲಿಲ್ಲ. ಮೂರು ದಿನ ಎದುರು ಕೂರಿಸಿಕೊಂಡು ಹಳೆಯ ಕಡತಗಳನ್ನು ಗಟ್ಟಿಯಾಗಿ ಓದಿಸಿದರು. "ಹೆಸರು, ತಾರೀಖು, ಎಡಬಲ. ಈ ಮೂರನ್ನು ಬೆರಳಿಟ್ಟು ಓದು, ಖಾದರ್. ಉಳಿದದ್ದು ತಪ್ಪಿದರೆ ನಾನು ನೋಡಿಕೊಳ್ಳುತ್ತೇನೆ" ಎಂದರು. ಮುಂದೆ ನನ್ನ ಹೆಂಡತಿ ಜುಬೈದಾಳಿಗೆ ಹೃದಯದ ಆಪರೇಷನ್ ಆದಾಗ, ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಜೊತೆ ಇಡೀ ದಿನ ಕೂತವರು ಅವರೊಬ್ಬರೇ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದಿನದನ್ನು ಓದಿ ಅವರನ್ನು ರಾಕ್ಷಸ ಎಂದುಕೊಳ್ಳಬಾರದು. ಅವರು ರಾಕ್ಷಸರಾಗಿದ್ದರೆ ನನಗೆ ಇಷ್ಟು ಕಷ್ಟವಿರುತ್ತಿರಲಿಲ್ಲ.

ನನ್ನ ಕಾಲದಲ್ಲಿ ಕೆಲಸದ ರೀತಿ ಪೂರ್ತಿ ಬದಲಾಯಿತು. ಮೊದಲು ಕಾಗದದ ಕಟ್ಟು ಹೊತ್ತು ಅಬ್ರಾ ದೋಣಿಯಲ್ಲಿ ಕ್ರೀಕ್ ಎಂಬ ಹಿನ್ನೀರು ದಾಟಿ ಹೋಗಿ, ಮೊಹರು ಹಾಕಿಸಲು ಸಾಲಿನಲ್ಲಿ ನಿಲ್ಲುತ್ತಿದ್ದೆ. ಆಮೇಲೆ ಫ್ಯಾಕ್ಸ್, ಆಮೇಲೆ ಈಮೇಲ್. ಕಚೇರಿ ಊದ್ ಮೇಥಾ ಬಡಾವಣೆಗೆ ಬಂದ ಮೇಲೆ ಎಲ್ಲವೂ ಕಂಪ್ಯೂಟರಿನಲ್ಲೇ. ಅರ್ಜಿ ಹಾಕುವುದು, ತಾರೀಖು ನೋಡುವುದು, ಕೊನೆಗೆ ವಿಚಾರಣೆ ಕೂಡ ಕ್ಯಾಮೆರಾ ಮುಂದೆ. ಕೆಲಸ ಸುಲಭವಾಯಿತು. ಆದರೆ ಸಾಲಿನಲ್ಲಿ ನಿಂತಾಗ ಎದುರು ಪಕ್ಷದವರ ಮುಖ ಕಾಣುತ್ತಿತ್ತು. ಅವರ ಚಪ್ಪಲಿ, ಅವರ ಊಟದ ಡಬ್ಬಿ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ಅವರು ಒಂದು ನಂಬರು ಮಾತ್ರ.

ಯಮನೂರಪ್ಪ ಕೂಡ ನನ್ನ ಮೇಜಿಗೆ ನಂಬರಾಗಿಯೇ ಬಂದ.

ಗುಡ್ಡಗಳನ್ನು ಕಡಿದು ಪೂರ್ವದ ಕರಾವಳಿಯವರೆಗೆ ಗೂಡ್ಸ್ ರೈಲಿನ ಹಳಿ ಹಾಕುತ್ತಿದ್ದ ಕಾಲ ಅದು. ಹಳಿ ಜೋಡಿಸುವ ಒಂದು ಸಣ್ಣ ಗುತ್ತಿಗೆ ಕಂಪನಿ ನಮ್ಮ ಕಕ್ಷಿದಾರ. ಅದರ ಒಬ್ಬ ಕೆಲಸಗಾರ ದುಬೈ ಕೋರ್ಟಿನಲ್ಲಿ ಪರಿಹಾರದ ದಾವೆ ಹಾಕಿದ್ದ. ವ್ಯಾಗನ್ನಿನಿಂದ ಉದ್ದನೆಯ ಹಳಿಯನ್ನು ಇಳಿಸುವಾಗ ಉಕ್ಕಿನ ಹಗ್ಗದ ಕೊಂಡಿ ಮುರಿದು, ಹಳಿ ಜಾರಿ ಅವನ ಮೇಲೆ ಬಂದಿತ್ತು. ಎಡಗಾಲು ಮಂಡಿಯ ಕೆಳಗೆ ಹೋಯಿತು. ಬಲಪಾದದ ಎಲುಬುಗಳು ಪುಡಿಯಾದವು. ಕೊಂಡಿ ಸವೆದಿದೆ ಎಂದು ಫೋರ್‌ಮನ್‌ಗೆ ಮೊದಲೇ ಹೇಳಿದ್ದೆ ಎಂಬುದು ಅವನ ದೂರು. ನಾನು ಬೆರಳಿಟ್ಟು ಓದಿದೆ. ಹೆಸರು ಯಮನೂರಪ್ಪ. ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲೂಕು. ಕನ್ನಡದವ ಎಂದು ಒಂದು ಕ್ಷಣ ಮನಸ್ಸು ನಿಂತಿತು. ಮತ್ತೆ ಓದು ಮುಂದುವರಿಸಿದೆ.

ಎಮಿರೇಟುಗಳೆಂಬ ಏಳು ಸಂಸ್ಥಾನಗಳ ಒಕ್ಕೂಟವಾದ ಈ ದೇಶದಲ್ಲಿ ದುಬೈಗೂ ಅಬುಧಾಬಿಗೂ ತಮ್ಮದೇ ಕೋರ್ಟುಗಳಿವೆ. ಇನ್ನು ಕೆಲವು ಎಮಿರೇಟುಗಳು ಒಕ್ಕೂಟದ್ದಾದ ಫೆಡರಲ್ ಕೋರ್ಟಿನ ಕೆಳಗೆ ಬರುತ್ತವೆ. ಯಮನೂರಪ್ಪನಿಗೆ ಗೊತ್ತಿದ್ದದ್ದು ಕಂಪನಿಯ ದುಬೈ ಆಫೀಸು ಒಂದೇ. ಅವನಿದ್ದ ಕೆಲಸಗಾರರ ಕ್ಯಾಂಪು ದುಬೈಯಲ್ಲಿ, ಅವನ ವಕೀಲರೂ ದುಬೈಯವರು. ಹಾಗಾಗಿ ದಾವೆಯನ್ನು ಇಲ್ಲಿಯೇ ಹಾಕಿದ್ದರು. ಆದರೆ ಕಂಪನಿಯ ಲೈಸೆನ್ಸಿನ ಹಳೆಯ ಪ್ರತಿಯಲ್ಲಿ, ಮಸುಕಾದ ಒಂದು ಸಾಲಿನಲ್ಲಿ, ದುಬೈಯದ್ದು ಬರೀ ಶಾಖೆ, ಮುಖ್ಯ ಕಚೇರಿ ಬೇರೆ ಎಮಿರೇಟಿನಲ್ಲಿ ಎಂದಿತ್ತು. ಅಪಘಾತವಾದ ಗುಡ್ಡವೂ ದುಬೈಯ ಹೊರಗೆ. ಎರಡೂ ಜಾಗ ಫೆಡರಲ್ ಕೋರ್ಟಿನ ವ್ಯಾಪ್ತಿಗೆ ಸೇರಿದ್ದು.

ಈ ಸಾಲನ್ನು ಕಂಡುಹಿಡಿದದ್ದು ಸಾರ್ ಅಲ್ಲ. ನಾನು.

ಓಡಿಹೋಗಿ ಅವರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದರು. "ಶಹಬ್ಬಾಸ್! ಇದನ್ನು ಮೊದಲ ದಿನವೇ ಎತ್ತಬೇಕು. ಬೇರೆ ಒಂದು ಮಾತಾಡಿದ ಮೇಲೆ ಎತ್ತಿದರೆ ಈ ಹಕ್ಕೇ ಹೋಗುತ್ತದೆ. ಇವತ್ತೇ ಬರೆ" ಎಂದರು.

"ಕೋರ್ಟು ಬದಲಾದರೆ ನಮಗೆ ಎಂತ ಲಾಭ ಸಾರ್? ಕಾನೂನು ಒಂದೇ ಅಲ್ವಾ?"

"ಕಾನೂನು ಒಂದೇ. ಮನುಷ್ಯ ಒಂದೇ ಅಲ್ಲ" ಎಂದರು. "ಅವನ ವಕೀಲ ಅಲ್ಲಿಗೆ ಬರುವುದಿಲ್ಲ. ಸಾಕ್ಷಿಗಳ ಕೆಲಸ ಮುಗಿದು ಅವರು ಊರಿಗೆ ಹೋಗುತ್ತಾರೆ. ಕಾಲಿಲ್ಲದವನು ಎಷ್ಟು ದಿನ ಕಾಯುತ್ತಾನೆ?"

ಅಂದು ಮಧ್ಯಾಹ್ನ ನಾನು ಊಟಕ್ಕೂ ಏಳದೆ ಆ ಆಕ್ಷೇಪಣೆಯನ್ನು ಅರಬ್ಬಿಯಲ್ಲಿ ಬರೆದೆ. ನನ್ನ ಜೀವಮಾನದಲ್ಲಿ ಬರೆದ ಅತ್ಯಂತ ಚೊಕ್ಕ ಅರಬ್ಬಿ ಅದು. ಬರೆಯುವಾಗ ಖುಷಿಯಾಗಿತ್ತು, ಸಮೀನಾ. ಅದನ್ನು ಮುಚ್ಚಿಡುವುದಿಲ್ಲ.

ದುಬೈ ಕೋರ್ಟು ನಮ್ಮ ಮಾತನ್ನು ಒಪ್ಪಿತು. ಕಾನೂನಿನ ಪ್ರಕಾರ ಒಪ್ಪಲೇಬೇಕಿತ್ತು. ದಾವೆಯನ್ನು ಫೆಡರಲ್ ಕೋರ್ಟಿಗೆ ಕಳಿಸುವಂತೆ ಆದೇಶವಾದ ದಿನ ನಾನು ಕೋರ್ಟಿನ ಹಜಾರದಲ್ಲಿದ್ದೆ. ಊರುಗೋಲುಗಳನ್ನು ಪಕ್ಕಕ್ಕೆ ಒರಗಿಸಿ ಒಬ್ಬ ಕುರ್ಚಿಯಲ್ಲಿ ಕೂತಿದ್ದ. ನಲವತ್ತರ ಆಸುಪಾಸು, ಕಪ್ಪು ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಏಳಲು ಹೋದವನು ನೋವಿನಿಂದ "ಯವ್ವಾ" ಎಂದ. ನನಗರಿವಿಲ್ಲದೆ, "ನಿಧಾನ, ನಿಧಾನ" ಎಂದು ಕನ್ನಡದಲ್ಲಿ ಹೇಳಿಬಿಟ್ಟೆ.

ಅವನ ಮುಖ ಅರಳಿತು. "ಕನ್ನಡದವ್ರೇನ್ರಿ ಸಾಹೇಬ್ರ? ನಮ್ಮ ವಕೀಲರ ಕಡಿಯವ್ರಾ?"

"ಅಲ್ಲ. ನಾನು ಕಂಪನಿ ಕಡೆಯ ಆಫೀಸಿನವ."

"ಇರ್ಲಿ ಬಿಡ್ರಿ. ಯಾರ ಕಡಿಯವ್ರಾದ್ರೇನು, ಮಾತಾಡಾಕ ಕನ್ನಡ ಸಿಕ್ತಲ್ಲ." ಆಮೇಲೆ ಕೇಳಿದ, "ಒಳಗ ಏನಾತ್ರಿ? ಜಜ್ ಸಾಹೇಬ್ರು ಏನಂದ್ರು?"

"ಕೇಸು ಇಲ್ಲಿ ನಡೆಯುವುದಿಲ್ಲ. ಬೇರೆ ಕೋರ್ಟಿಗೆ ಹೋಗ್ತದೆ. ಫೆಡರಲ್ ಕೋರ್ಟು."

"ಅಲ್ಲಿ ಜಜ್ ಇರ್ತಾರಲ್ರಿ?"

"ಇರ್ತಾರೆ."

"ಇಲ್ಲೂ ಅದಾರ. ಮತ್ತ ಯಾಕ ಕಳಸ್ತಾರ?"

ನಿಯಮ ಎಂದೆ. ಅವನು ತಲೆಯಾಡಿಸಿದ. "ರೈಲಿನ್ಯಾಗೂ ಹಂಗ ರೀ. ಗದಗದಾಗ ನಾನು ಹತ್ತು ವರ್ಷ ಹಳಿ ಕೆಲಸ ಮಾಡೇನಿ. ಒಂದು ಕಂಬದ ಆಚಿ ಒಂದು ಡಿವಿಜನ್, ಈಚಿ ಒಂದು ಡಿವಿಜನ್" ಎಂದು ನಕ್ಕ. ಆ ಕಂಬವನ್ನು ನೆಟ್ಟವನು ನಾನೇ ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ. ಅವನು ನನ್ನ ಫೋನ್ ನಂಬರ್ ಕೇಳಿದ. ಕೊಟ್ಟೆ.

ಮುಂದಿನದು ಸಾರ್ ಹೇಳಿದ ಹಾಗೆಯೇ ನಡೆಯಿತು. ಹೊಸ ಕೋರ್ಟು, ಹೊಸ ನಂಬರು, ಮತ್ತೆ ವೈದ್ಯರ ಸಮಿತಿ, ಮತ್ತೆ ಎಂಜಿನಿಯರ್ ತಜ್ಞರು. ಹಳೆಯ ವಕೀಲರು ಅಲ್ಲಿಗೆ ಬರಲಾರೆನೆಂದರು. ಹೊಸಬರು ಒಬ್ಬರು ಸಿಕ್ಕರು, ಕೆಲವು ತಿಂಗಳ ಮೇಲೆ ಅವರೂ ಹಿಂದೆ ಸರಿದರು. ಅವನ ಜೊತೆ ಹಳಿ ಎಳೆದ ನಾಲ್ವರ ಗುತ್ತಿಗೆ ಮುಗಿದು ಅವರು ವಿಮಾನ ಹತ್ತಿದರು. ಯಮನೂರಪ್ಪ ಕ್ಯಾಂಪಿನಿಂದ ಎರಡು ಬಸ್ಸು ಬದಲಾಯಿಸಿ, ಬಿಸಿಲಲ್ಲಿ ಊರುಗೋಲಿನ ಮೇಲೆ ಕೋರ್ಟಿಗೆ ಹೋಗಿ, ತಾರೀಖು ಮುಂದೆ ಹೋದದ್ದನ್ನು ತಿಳಿದು ಬರುತ್ತಿದ್ದ. ಆಗಾಗ ನನಗೆ ಫೋನ್ ಮಾಡುತ್ತಿದ್ದ. ಕೇಸಿನ ಬಗ್ಗೆ ಮಾತಾಡಬಾರದೆಂದು ನಾನು ಮೊದಲೇ ಹೇಳಿದ್ದೆ. ಅವನು ಮಾತಾಡುತ್ತಲೂ ಇರಲಿಲ್ಲ. "ಸಾಹೇಬ್ರ, ಊಟ ಆತ್ರ್ಯಾ?" ಎಂದು ಕೇಳಿ, ಮಗಳು ಫೋನಿನಲ್ಲಿ ತನ್ನನ್ನು ನೋಡಿ ಯಾರೋ ಅಂದುಕೊಂಡು ಒಳಗೆ ಓಡಿದಳು ಎಂದು ಹೇಳಿ ಇಡುತ್ತಿದ್ದ. ಅವನು ಬರುವಾಗ ಆ ಮಗು ಹಾಲು ಕುಡಿಯುತ್ತಿತ್ತಂತೆ.

ಅವನಿಗೆ ಆಸರೆಯಾಗಿದ್ದವಳು ಐರಿನ್ ಎಂಬ ಒಬ್ಬ ನರ್ಸ್, ನಮ್ಮ ಉಡುಪಿ ಕಡೆಯ ಕೊಂಕಣಿ ಕ್ರೈಸ್ತ ಹೆಂಗಸು. ಅವನ ಗಾಯಕ್ಕೆ ಮೊದಲು ಪಟ್ಟಿ ಕಟ್ಟಿದ್ದವಳು. ರಜೆಯ ದಿನ ಅವನ ಕ್ಯಾಂಪಿಗೆ ಹೋಗಿ ಕಾಗದಗಳನ್ನು ನೋಡುತ್ತಿದ್ದಳು. ಊದ್ ಮೇಥಾದಲ್ಲಿ ಒಮ್ಮೆ, ಇಗರ್ಜಿಯಿಂದ ಹೊರಬರುತ್ತಿದ್ದಾಗ ಸಿಕ್ಕಳು. ಅವನು ಕಳಿಸಿದ್ದ ಫೋಟೋದಲ್ಲಿ ಅವಳ ಮುಖ ನೋಡಿದ್ದೆ, ನಾನೇ ಹೋಗಿ ಪರಿಚಯ ಹೇಳಿಕೊಂಡೆ.

"ಗೊತ್ತುಂಟು. ನೀವು ಕಂಪನಿಯವರು" ಎಂದಳು. "ಯಮನೂರಪ್ಪ ನಿಮ್ಮನ್ನು ದೇವರು ಅಂತಾನೆ. ನನಗೆ ನಿಮ್ಮ ಹತ್ರ ಮಾತಾಡ್ಲಿಕ್ಕೆ ಮನಸ್ಸಿಲ್ಲ, ಬೇಜಾರು ಮಾಡ್ಬೇಡಿ." ಹೋಗಿಬಿಟ್ಟಳು.

ಅಷ್ಟರಲ್ಲಿ ವಿಚಾರಣೆಗಳು ಕ್ಯಾಮೆರಾ ಮುಂದೆ ನಡೆಯತೊಡಗಿದ್ದವು. ನಮ್ಮ ಕಚೇರಿಯ ಪರದೆಯ ಮೇಲೆ ಒಂದು ಚೌಕದಲ್ಲಿ ಯಮನೂರಪ್ಪ ಕಾಣಿಸಿಕೊಂಡ. ಹಿಂದೆ ಮೂರು ಅಂತಸ್ತಿನ ಮಂಚ, ಒಣಹಾಕಿದ ಲುಂಗಿಗಳು. ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕಿಕೊಂಡು, ನ್ಯಾಯಾಧೀಶರಿಗೆ ಕಾಲು ಕಾಣಲೆಂದು ಫೋನನ್ನು ಕೆಳಗೆ ಇಟ್ಟಿದ್ದ. ಅವನಿಗೆ ಗೊತ್ತಿದ್ದ ಮುರುಕು ಹಿಂದಿಯಲ್ಲಿ, ಕೊಂಡಿ ಸವೆದಿತ್ತು, ಎರಡು ದಿನ ಮೊದಲೇ ಫೋರ್‌ಮನ್‌ಗೆ ತೋರಿಸಿದ್ದೆ ಎಂದ. ದುಭಾಷಿ ಅದನ್ನು ಅರಬ್ಬಿಗೆ ತರುವಾಗ, "ಕೊಂಡಿ ಮುರಿಯಿತು ಎನ್ನುತ್ತಾನೆ" ಎಂದಷ್ಟೇ ಹೇಳಿದ. ಪಾಪ, ಅವನಿಗೆ ಆ ಹಿಂದಿ ಅರ್ಥವಾಗಿರಲಿಕ್ಕಿಲ್ಲ. ಆ ಕೋಣೆಯಲ್ಲಿ, ಆ ಪರದೆಯ ಮೇಲೆ, ಬಿಟ್ಟುಹೋದ ಮಾತು ಏನೆಂದು ತಿಳಿದವನು ನಾನೊಬ್ಬನೇ. ನನ್ನ ಮೈಕ್ ಮುಚ್ಚಿತ್ತು. ತೆರೆಯಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಒತ್ತಲಿಲ್ಲ. ನಾನು ಎದುರು ಪಕ್ಷದವನು, ತಿದ್ದುವುದು ನನ್ನ ಕೆಲಸವಲ್ಲ ಎಂದು ನನಗೇ ಹೇಳಿಕೊಂಡೆ.

ಕಂಪನಿಯ ತಪ್ಪು ಸಾಬೀತಾಗಲಿಲ್ಲವೆಂದು ಆ ಕೋರ್ಟು ದಾವೆಯನ್ನು ತಳ್ಳಿಹಾಕಿತು. ಐರಿನ್ ಬಿಡಲಿಲ್ಲ. ಯಾರ್ಯಾರನ್ನೋ ಕಾಡಿಬೇಡಿ ಮೇಲ್ಮನವಿ ಬರೆಸಿದಳು. ತಜ್ಞರ ವರದಿಯ ಒಂದು ಪುಟದಲ್ಲಿ ಕೊಂಡಿಯ ಸವೆತದ ಅಳತೆ ಇದ್ದದ್ದನ್ನು ಎತ್ತಿ ತೋರಿಸಿದ್ದಳು. ನಾನು ಆ ಮೇಲ್ಮನವಿಯನ್ನು ಓದಿ, ಇವಳು ಗೆಲ್ಲುತ್ತಾಳೆ ಎಂದುಕೊಂಡೆ. ಆದರೆ ಯಮನೂರಪ್ಪನಿಗೆ ಸಾಕಾಗಿತ್ತು. ಬಲಪಾದ ಮತ್ತೆ ಕೀವಾಗುತ್ತಿತ್ತು. ಊರಿಗೆ ಕಳಿಸಿದರೆ ಸಾಕು ಎಂದು ಅವನೇ ಕಂಪನಿಗೆ ಹೇಳಿಕಳಿಸಿದ. ಸಾರ್ ಒಂದು ರಾಜಿಪತ್ರ ತಯಾರಿಸಿದರು. ಕಂಪನಿ ಅವನಿಗೆ ಒಂದು ಕೃತಕ ಕಾಲು ಕೊಡಿಸಿ, ವೀಸಾದ ತೊಡಕು ಬಿಡಿಸಿ, ಟಿಕೆಟ್ ಕೊಟ್ಟು ಕಳಿಸುತ್ತದೆ. ಅವನು ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಡುತ್ತಾನೆ. ಐರಿನ್ ಅವನಿಗೆ, ತೀರ್ಪು ಬರುವವರೆಗೆ ಯಾವುದಕ್ಕೂ ಸಹಿ ಹಾಕಬೇಡ ಎಂದು ಹೇಳಿದ್ದಳು. ಹೀಗೆ ಆ ಕಾಗದ ಕಡತದಲ್ಲೇ ಉಳಿಯಿತು. ಐರಿನ್ ತಾಯಿಯ ಕಾಯಿಲೆಯೆಂದು ಊರಿಗೆ ಹೋದಳು.

ಒಂದು ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಮೇಲ್ಮನವಿಯ ತೀರ್ಪು ಬಂದಿತ್ತು. ಕೆಳಗಿನ ತೀರ್ಪು ರದ್ದು. ಕಂಪನಿಯೇ ಹೊಣೆ. ಪೂರ್ತಿ ಪರಿಹಾರ ಕೊಡಬೇಕು.

ಪ್ರತಿ ತೆಗೆದುಕೊಂಡು ಸಾರ್ ಕೋಣೆಗೆ ಹೋದೆ. ಅವರು ಆಗಲೇ ಓದಿದ್ದರು. ಮೇಜಿನ ಮೇಲೆ ಹಳೆಯ ರಾಜಿಪತ್ರ ಇತ್ತು.

"ಇವತ್ತೇ ಕ್ಯಾಂಪಿಗೆ ಹೋಗಿ ಸಹಿ ಮಾಡಿಸಿಕೊಂಡು ಬಾ" ಎಂದರು. "ನೀನು ಓದಿದರೆ ಅವನು ನಂಬುತ್ತಾನೆ."

"ಸಾರ್, ತೀರ್ಪು ಬಂದಿದೆ."

"ಗೊತ್ತು. ಅದಕ್ಕೇ ಇವತ್ತು."

"ಅವನಿಗೆ ಹೇಳ್ಬೇಕಲ್ಲ ಸಾರ್?"

ಅವರು ರಾಜಿಪತ್ರವನ್ನು ನನ್ನ ಕಡೆ ಸರಿಸಿದರು. "ಈ ಹಣ ಕಟ್ಟಿದರೆ ಆ ಕಂಪನಿ ಮುಳುಗುತ್ತದೆ. ಅವರೇ ನಮ್ಮ ಅರ್ಧ ಕೆಲಸ. ಅವರು ಹೋದರೆ ನಾನು ಯಾರ ವೀಸಾ ರಿನ್ಯೂ ಮಾಡಲಿ, ಖಾದರ್? ನಿನಗೆ ವಯಸ್ಸಾಯಿತು. ಬೇರೆಯವರು ನಿನ್ನನ್ನು ತೆಗೆದುಕೊಳ್ಳುವುದಿಲ್ಲ. ಜುಬೈದಾಳ ಇನ್ಶೂರೆನ್ಸ್ ನಿನ್ನ ವೀಸಾದ ಮೇಲಿದೆ." ಆಮೇಲೆ ದನಿ ತಗ್ಗಿಸಿ ಹೇಳಿದರು, "ನಿನ್ನ ಕೆಲಸ ಕಾಗದ ಓದುವುದು. ಕಾಗದದಲ್ಲಿ ಒಂದು ಸುಳ್ಳೂ ಇಲ್ಲ. ಯಲ್ಲಾ, ಹೋಗು."

ಹೋದೆ.

ಹಗಲು ಹನ್ನೊಂದು ಗಂಟೆ. ಕ್ಯಾಂಪಿನ ಕೋಣೆಯಲ್ಲಿ ಅವನೊಬ್ಬನೇ ಇದ್ದ, ಉಳಿದವರು ಕೆಲಸಕ್ಕೆ ಹೋಗಿದ್ದರು. ನನ್ನನ್ನು ಕಂಡು ಏಳಲು ನೋಡಿದ. ಕೂರಿಸಿದೆ. ಸ್ಟವ್ ಹಚ್ಚಿ ಚಹಾ ಮಾಡಿಕೊಟ್ಟ. ನಾನು ಕಾಗದ ತೆಗೆದು ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. "ಇನ್ನು ಮುಂದೆ ಯಾವ ಕೋರ್ಟಿನಲ್ಲೂ, ಯಾವ ತೀರ್ಪಿನ ಮೇಲೂ ನನಗೆ ಹಕ್ಕಿರುವುದಿಲ್ಲ" ಎಂಬ ಸಾಲನ್ನು ಎರಡು ಸಲ ಓದಿದೆ. ಅವನಾಗಿಯೇ ಕೇಳಲಿ ಎಂದು ಆಸೆಪಟ್ಟೆ. ಅವನು ಕೇಳಿದ್ದು ಬೇರೆ.

"ಸಾಹೇಬ್ರ, ಮುಂಜಾನೆ ಫೋನಿಗೆ ಇದೊಂದು ಬಂದೈತಿ. ಅರಬ್ಬಿಯೊಳಗೈತಿ. ಒಂದೀಟು ನೋಡ್ರಿ."

ವಕೀಲರಿಲ್ಲದ್ದರಿಂದ ಕೋರ್ಟಿನ ಸಂದೇಶ ಅವನ ನಂಬರಿಗೇ ಬಂದಿತ್ತು. ಮೂರು ಸಾಲು. ನಿಮ್ಮ ಮೇಲ್ಮನವಿಯಲ್ಲಿ ತೀರ್ಪು ಹೊರಬಿದ್ದಿದೆ. ಕೆಳಗಿನ ಕೋರ್ಟಿನ ತೀರ್ಪು ರದ್ದಾಗಿದೆ. ಪೂರ್ಣ ಪ್ರತಿಗಾಗಿ ಇಲ್ಲಿ ಒತ್ತಿ. ನಾನು ಓದಿದೆ. ಇನ್ನೊಮ್ಮೆ ಓದಿದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಏನೈತ್ರಿ?"

"ಎಂತ ಇಲ್ಲ" ಎಂದೆ. "ಹಳೇ ತಾರೀಖಿನ ವಿಷಯ."

"ಹೌದಾ? ನಾ ಏನರ ಬಂತೇನೋ ಅಂದ್ಕೊಂಡಿದ್ದೆ." ಅವನು ಉಸಿರು ಬಿಟ್ಟ. "ಬರೇ ಇಂಥವ ಬರ್ತಾವ್ರಿ, ಫೋನ್ ತುಂಬೈತಿ. ನನಗ ತೆಗಿಯಾಕ ಬರೂದಿಲ್ಲ, ನೀವ ಅಳಿಸಿ ಬಿಡ್ರಿ."

ಅಳಿಸಿದೆ.

ಅವನು ಕನ್ನಡದಲ್ಲಿ ಸಹಿ ಹಾಕಿದ. ಯಮನೂರಪ್ಪ ಎಂದು ಬರೆಯಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಬಾಗಿಲವರೆಗೆ ಬಂದು, "ನೀವಿರಲಿಲ್ಲಾಂದ್ರ ನನಗ ಇದೆಲ್ಲ ಯಾರು ತಿಳಿಸಿ ಹೇಳ್ತಿದ್ರು" ಎಂದ. ನಾನು ಕಾರಿನಲ್ಲಿ ಕೂತು ಡ್ರೈವರನಿಗೆ ಹೊರಡು ಎಂದೆ. ಆ ವಾರವೇ ಅವನನ್ನು ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿಸಿದರು. ಕಾಲಿನ ಅಳತೆಯನ್ನಷ್ಟೇ ತೆಗೆದುಕೊಂಡಿದ್ದರು. ಕಾಲನ್ನು ಊರಿಗೆ ಕಳಿಸುತ್ತೇವೆ ಎಂದರು.

ಐರಿನ್ ರಜೆ ಮುಗಿಸಿ ಬಂದು ಫೋನ್ ಮಾಡಿದಳು. "ತೀರ್ಪು ಬಂದ ದಿನವೇ ಸಹಿ ಹಾಕಿಸಿದ್ದೀರಿ. ಅವನಿಗೆ ಹೇಳಿದ್ರಾ?"

"ಅವನ ಫೋನಿಗೆ ಮೆಸೇಜ್ ಹೋಗಿತ್ತು" ಎಂದೆ.

ಅವಳು ಫೋನ್ ಇಟ್ಟಳು. ಅವಳು ಬಯ್ಯುವಳೆಂದು ತಯಾರಾಗಿ ಕೂತಿದ್ದೆ. ಬಯ್ದಿದ್ದರೆ ಒಳ್ಳೆಯದಿತ್ತು.

ನನ್ನ ವೀಸಾ ರಿನ್ಯೂ ಆಯಿತು. ಜುಬೈದಾ ಇನ್ನೆರಡು ವರ್ಷ ಬದುಕಿದಳು. ಆ ಎರಡು ವರ್ಷದ ಔಷಧಿ ಎಲ್ಲಿಂದ ಬಂತೆಂದು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ. ಕಂಪನಿ ಹೇಗೂ ಮುಳುಗಿತು. ಹಳಿಯ ಕೆಲಸ ಮುಗಿದ ಮೇಲೆ ಬಾಗಿಲು ಹಾಕಿತು. ಸಾರ್ ಕೇರಳಕ್ಕೆ ಹೋಗಿ ತೀರಿಕೊಂಡರು. ಹೋಗುವ ಮೊದಲು, "ಖಾದರ್, ಆ ಹಳಿಯ ಕೇಸು" ಎಂದು ಏನೋ ಹೇಳಲು ಹೊರಟು ನಿಲ್ಲಿಸಿದ್ದರು. ನಾನೂ ಕೇಳಲಿಲ್ಲ.

ನಿವೃತ್ತನಾದ ಮೇಲೆ, ಇಬ್ಬರು ವಕೀಲರನ್ನು ಹೆಸರು ಹೇಳದೆ ವಿಚಾರಿಸಿದೆ. ಗಡುವು ದಾಟಿದೆ, ಕಂಪನಿಯೇ ಇಲ್ಲ, ಯಾರ ಮೇಲೆ ಹೋಗುವುದು, ಖಲಾಸ್ ಎಂದರು. ಆದರೂ ಸತ್ಯ ಹೇಳಿಬಿಟ್ಟರೆ ಎದೆಯ ಭಾರ ಇಳಿಯುತ್ತದೆಂದುಕೊಂಡೆ. ಕಳೆದ ತಿಂಗಳು ಒಂದು ಮಧ್ಯಾಹ್ನ, ಮಗ ಸೊಸೆ ಕೆಲಸಕ್ಕೆ ಹೋಗಿದ್ದಾಗ, ಊರಿಗೆ ಹೋದ ಮೇಲೂ ಹಬ್ಬಕ್ಕೊಮ್ಮೆ ಫೋನ್ ಮಾಡಿ ನನ್ನನ್ನು ವಿಚಾರಿಸುತ್ತಿದ್ದ ಯಮನೂರಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

ಅವನ ಗಡ್ಡ ಬೆಳ್ಳಗಾಗಿತ್ತು. ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ. ಕೃತಕ ಕಾಲು ಬಂದಿತ್ತಂತೆ, ಅಳತೆ ಹೊಂದಲಿಲ್ಲವಂತೆ. ಬಲಪಾದವನ್ನೂ ಹುಬ್ಬಳ್ಳಿಯಲ್ಲಿ ತೆಗೆದಿದ್ದರು. ಅದನ್ನು ನನಗೆ ತಿಳಿಸಿರಲಿಲ್ಲ. ನಾನು ತಡಮಾಡದೆ ಎಲ್ಲವನ್ನೂ ಹೇಳಿದೆ. ಲೈಸೆನ್ಸಿನ ಸಾಲು, ಬಿಟ್ಟುಹೋದ ಮಾತು, ತೀರ್ಪು, ಅಳಿಸಿದ ಸಂದೇಶ.

ಅವನು ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ, "ಗೆದ್ದಿದ್ವೇನ್ರಿ?" ಎಂದ.

"ಹೌದು. ಗೆದ್ದಿದ್ರಿ."

"ಈಗ ಏನರ ಮಾಡಾಕ ಬರ್ತೈತೇನ್ರಿ?"

"ಇಲ್ಲ. ವಿಚಾರಿಸಿದೆ. ಏನೂ ಉಳಿದಿಲ್ಲ."

"ಮತ್ತ ಈಗ ಯಾಕ ಹೇಳಿದ್ರಿ ಸಾಹೇಬ್ರ?"

ಕ್ಷಮಿಸಿ ಎಂದೆ. ಅದು ಅವನ ಕಿವಿಗೆ ಬಿತ್ತೋ ಇಲ್ಲವೋ. ಅವನು ಬೀದಿಯ ಕಡೆ ನೋಡುತ್ತಿದ್ದ. ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು, ಯಾರದು ಫೋನು ಎಂದು. ಅವನು ತಟ್ಟನೆ ಪರದೆಗೆ ಮುಖ ತಂದು ಪಿಸುಗುಟ್ಟಿದ. "ಅಕಿಗೆ ಹೇಳಬ್ಯಾಡ್ರಿ. ಸೋತೇವಿ ಅಂತ ತಿಳಕೊಂಡು ಹೆಂಗೋ ಸುಧಾರಿಸಿಕೊಂಡಾಳ. ಮಂದಿ ಹೊಲದಾಗ ಕೂಲಿ ಮಾಡಿ ನನ್ನ ಸಾಕಾಕತ್ತಾಳ. ಗೆದ್ದಿದ್ವಿ ಅಂತ ಗೊತ್ತಾದ್ರ ಅಕಿ ತಾಳೂದಿಲ್ಲ. ನಿಮ್ಮ ಕೈ ಮುಗೀತೀನಿ."

ಅವಳು ಬಂದು ಫೋನ್ ತೆಗೆದುಕೊಂಡಳು. ಸೆರಗಿನಲ್ಲಿ ಕೈ ಒರೆಸುತ್ತ, ನನ್ನ ಯೋಗಕ್ಷೇಮ ಕೇಳಿದಳು. ಮನೆಯವರು ತೀರಿಕೊಂಡರಂತಲ್ಲ ಎಂದು ಮರುಗಿದಳು. ಆಮೇಲೆ ಕೇಳಿದಳು, "ಸಾಹೇಬ್ರ, ನಿಮಗ ಕೋರ್ಟು ಎಲ್ಲಾ ಗೊತ್ತೈತಿ. ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಇವರು ಅವಸರ ಮಾಡಿ ಬರದ ಅಲ್ಲೇ ಇನ್ನೊಂದೀಟು ದಿನ ತಡಕೊಂಡಿದ್ರ ನಾವು ಗೆಲ್ತಿದ್ವೇನ್ರಿ? ನನಗ ಅದ ಒಂದು ಕೊರಿತೈತಿ."

ಅವಳ ಹಿಂದೆ ಯಮನೂರಪ್ಪ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ.

"ಇಲ್ಲಮ್ಮ" ಎಂದೆ. "ಗೆಲ್ತಿರ್ಲಿಲ್ಲ."

"ಹಂಗಾದ್ರ ಆತು ಬಿಡ್ರಿ" ಎಂದಳು. ಅವಳ ಮುಖ ಸಡಿಲವಾಯಿತು. ಫೋನನ್ನು ಗಂಡನ ಕೈಗೆ ಕೊಟ್ಟು ಒಳಗೆ ಹೋದಳು. ಅವನು ನನ್ನ ಕಡೆ ನೋಡಲಿಲ್ಲ, ಕಟ್ ಮಾಡಿದ.